ಸ್ಟೆಂಟ್ ಹಾಕಿಸಿದ ಮೇಲೆ ದಿನಕ್ಕೆರಡು ಬೀಡಿ ಪರವಾಗಿಲ್ವಾ?

ಪ್ರಶ್ನೆ: ನನಗೆ 56 ವರ್ಷ. ತೀರ್ಥಹಳ್ಳಿ ಹತ್ತಿರ ಅಡಿಕೆ ತೋಟ ಇದೆ. ಹೋದ ಬೇಸಿಗೆಯಲ್ಲಿ ಹಾರ್ಟ್ ಅಟ್ಯಾಕ್ ಆಗಿ ಸ್ಟೆಂಟ್ ಹಾಕಿದ್ದಾರೆ. ಮೊದಲು ದಿನಕ್ಕೊಂದು ಕಟ್ಟು ಬೀಡಿ ಬೇಕಿತ್ತು. ಈಗ ಬೆಳಗ್ಗೆ ಒಂದು, ರಾತ್ರಿ ಒಂದು, ಅಷ್ಟೇ. ಸಾಲದಾ?

ಉತ್ತರ: ಕಟ್ಟಿನಿಂದ ಎರಡಕ್ಕೆ ಇಳಿಸಿದ್ದು ಸಣ್ಣ ಮಾತಲ್ಲ. ಆದರೆ ಹೃದಯಕ್ಕೆ ಅದು ಸಾಲದು.

ಬೀಡಿ ಹತ್ತನೇ ಒಂದಕ್ಕೆ ಇಳಿದರೆ ಅಪಾಯವೂ ಅಷ್ಟೇ ಇಳಿಯುತ್ತದೆ ಅಂದುಕೊಳ್ಳುತ್ತೇವೆ ಅಲ್ವಾ? ಹಾಗಿಲ್ಲ. ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದ ವರದಿಯೊಂದು 2018ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದಿತ್ತು. ದಿನಕ್ಕೆ 20 ಸಿಗರೇಟು ಸೇದುವವರಿಗೆ ಹೃದ್ರೋಗದ ಅಪಾಯ ಎಷ್ಟು ಹೆಚ್ಚುತ್ತದೋ, ಒಂದೇ ಒಂದು ಸೇದುವವರಿಗೂ ಅದರ ಸುಮಾರು ಅರ್ಧದಷ್ಟು ಹೆಚ್ಚುತ್ತದೆ.

ಕಾರಣ ರಕ್ತದಲ್ಲಿದೆ. ಸ್ವಲ್ಪ ಹೊಗೆ ಒಳಗೆ ಹೋದರೂ ರಕ್ತನಾಳ ಬಿಗಿಯುತ್ತದೆ, ರಕ್ತ ಹೆಪ್ಪುಗಟ್ಟಿಸುವ ಕಣಗಳಾದ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿಕೊಳ್ಳುವುದು ಜಾಸ್ತಿಯಾಗುತ್ತದೆ. ಸ್ಟೆಂಟ್ ಅಂದರೆ ಹೃದಯದ ರಕ್ತನಾಳ ಮುಚ್ಚದಂತೆ ಒಳಗೆ ಇಡುವ ಸಣ್ಣ ಜಾಲರಿ ಕೊಳವೆ. ಅದು ಇದ್ದವರಿಗೆ ದೊಡ್ಡ ಭಯವೇ ಅಲ್ಲಿ ರಕ್ತ ಹೆಪ್ಪುಗಟ್ಟುವುದು. ಅದಕ್ಕೇ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಥರದ ಮಾತ್ರೆ ಕೊಡುವುದು. ಮಾತ್ರೆ ನುಂಗಿ ಬೀಡಿ ಹಚ್ಚಿದರೆ ಒಂದು ಕೈಯಲ್ಲಿ ಕಟ್ಟಿದ್ದನ್ನು ಇನ್ನೊಂದು ಕೈಯಲ್ಲಿ ಬಿಚ್ಚಿದ ಹಾಗೆ.

ಬೀಡಿ ಸಿಗರೇಟಿಗಿಂತ ವಾಸಿ ಅನ್ನೋದೂ ಸುಳ್ಳು. ಬೀಡಿ ಎಲೆಯೊಳಗೆ ಗಾಳಿ ಸರಿಯಾಗಿ ಆಡುವುದಿಲ್ಲ. ಆರಬಾರದೆಂದು ಜೋರಾಗಿ, ಮತ್ತೆ ಮತ್ತೆ ಎಳೆಯಬೇಕು.

ನಮ್ಮ ಕಡೆ ಇನ್ನೊಂದು ದಾರಿ ಹಿಡಿಯುವವರಿದ್ದಾರೆ. ಬೀಡಿ ಬಿಟ್ಟು, ಕವಳಕ್ಕೆ (ಎಲೆಅಡಿಕೆಗೆ) ಹೊಗೆಸೊಪ್ಪು ಜಾಸ್ತಿ ಹಾಕಿಕೊಳ್ಳುತ್ತಾರೆ. ಅದೂ ತಂಬಾಕೇ ತಾನೆ? ಬೇಡ.

ಪೂರ್ತಿ ಬಿಟ್ಟರೆ ಸಿಗುವ ಲಾಭ ದೊಡ್ಡದು. ಹಾರ್ಟ್ ಅಟ್ಯಾಕ್ ಆದ ಮೇಲೆ ಬಿಟ್ಟವರಿಗೆ ಸಾವಿನ ಅಪಾಯ, ಸೇದುತ್ತಲೇ ಇರುವವರಿಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ. ಬರೀ ಮಾತ್ರೆಯಿಂದ ಇಷ್ಟು ಸಿಗುವುದು ಕಷ್ಟ.

ಮೊದಲ ವಾರ ಸಿಟ್ಟು ಬರುತ್ತದೆ, ನಿದ್ದೆ ಕೆಡುತ್ತದೆ. ಸೇದಬೇಕೆನ್ನುವ ಚಡಪಡಿಕೆ ಒಂದೊಂದು ಸಲಕ್ಕೆ ಕೆಲವೇ ನಿಮಿಷ ಇರುತ್ತದೆ, ಆಮೇಲೆ ಇಳಿಯುತ್ತದೆ. ಕಷ್ಟ ಇರುವುದು ಜೊತೆಯವರಿಂದ. ಅಡಿಕೆ ಸುಲಿಯುವ ರಾತ್ರಿ ಮೆಟ್ಟುಗತ್ತಿ ಮುಂದೆ ಸಾಲಾಗಿ ಕೂತಿರುತ್ತೀರಿ. ಚಹಾ ಬರುತ್ತದೆ, ಪಕ್ಕದವನು ಒಂದು ಹಚ್ಚಿ, ಕಟ್ಟು ನಿಮ್ಮ ಕಡೆ ಚಾಚುತ್ತಾನೆ. ಸೇದದವರ ಪಕ್ಕ ಜಾಗ ಹಿಡಿಯಿರಿ. "ಡಾಕ್ಟರ್ ಬೇಡ ಅಂದಿದ್ದಾರೆ ಮಾರಾಯ" ಅಂದುಬಿಡಿ. ಮನೆಯಲ್ಲಿ ಬೇರೆ ಯಾರಾದರೂ ಸೇದುತ್ತಿದ್ದರೆ ಹೊರಗೆ ಹೋಗಲಿ, ಆ ಹೊಗೆಯೂ ನಿಮಗೆ ಕೆಟ್ಟದ್ದೇ.

ಬೀಡಿ ಬಿಡಲು ಅಗಿಯುವ ನಿಕೋಟಿನ್ ಗಮ್ ಬಗ್ಗೆ ನಿಮ್ಮ ಹೃದಯದ ಡಾಕ್ಟರನ್ನು ಕೇಳಿ. ಹೊಗೆಗಿಂತ ಅದು ಎಷ್ಟೋ ಮೇಲು. ಸುಮ್ನೆ ಚೂಯಿಂಗ್ ಗಮ್ ಥರ ಅಗಿಯುತ್ತಲೇ ಇರಬೇಡಿ. ಖಾರ ಬಂದ ಕೂಡಲೇ ಕೆನ್ನೆಯ ಒಳಗೆ ಒತ್ತಿಟ್ಟುಕೊಳ್ಳಿ, ಖಾರ ಹೋದ ಮೇಲೆ ಮತ್ತೆ ಅಗಿಯಿರಿ. ಕಾಫಿ ಕುಡಿದ ಕೂಡಲೇ ಹಾಕಿಕೊಂಡರೆ ನಿಕೋಟಿನ್ ಸರಿಯಾಗಿ ಹೀರುವುದಿಲ್ಲ, ಕಾಲು ಗಂಟೆ ಬಿಡಿ. ಬಿಡಲು ಸಹಾಯ ಮಾಡುವ ಮಾತ್ರೆಗಳೂ ಇವೆ, ಆದರೆ ಡಾಕ್ಟರ್ ಬರೆದುಕೊಟ್ಟರೆ ಮಾತ್ರ.

ಫೋನಿನಲ್ಲಿ ಮಾತಾಡಿ ಬಿಡಿಸುವವರೂ ಇದ್ದಾರೆ, ದುಡ್ಡು ಕೊಡಬೇಕಿಲ್ಲ. ನಂಬರು 1800-11-2356. ಬೀಡಿ ಕಟ್ಟಿನ ಎಚ್ಚರಿಕೆ ಚಿತ್ರದ ಜೊತೆಗೇ ಅಚ್ಚಾಗಿರುತ್ತದೆ, ನೋಡಿ.