ಬೈಸಿಕೊಂಡ ಸಿನಿಮಾ ಆಮೇಲೆ ಕ್ಲಾಸಿಕ್ ಆಗಿದ್ದು ಹೇಗೆ?

ಪ್ರಶ್ನೆ: ಹಾಲಿವುಡ್‌ನ ವೈಜ್ಞಾನಿಕ ಕಲ್ಪನೆಯ ಚಿತ್ರ ‘ಬ್ಲೇಡ್ ರನ್ನರ್’ ಬಂದಾಗ ಎಷ್ಟೋ ವಿಮರ್ಶಕರು ಮೂಗು ಮುರಿದಿದ್ದರಂತೆ. ಈಗ ಎಲ್ಲರೂ ಅದನ್ನು ತಲೆ ಮೇಲೆ ಹೊತ್ತು ತಿರುಗುತ್ತಾರೆ. ಅವತ್ತಿನವರಿಗೆ ಸಿನಿಮಾ ಅರ್ಥವೇ ಆಗಿರಲಿಲ್ವಾ?

ಉತ್ತರ: ತಪ್ಪನ್ನೆಲ್ಲ ಅವರ ತಲೆಗೆ ಕಟ್ಟುವುದು ಸರಿಯಲ್ಲ. ಅವರು ನೋಡಿದ ಸಿನಿಮಾ ಬೇರೆ, ಇವತ್ತು ನಾವು ಹೊಗಳುತ್ತಿರುವುದು ಬೇರೆ.

ರಿಡ್ಲಿ ಸ್ಕಾಟ್ ನಿರ್ದೇಶನದ ಈ ಚಿತ್ರ ಬಿಡುಗಡೆಯಾಗಿದ್ದು 1982ರ ಜೂನ್‌ನಲ್ಲಿ. ಖರ್ಚು ಸುಮಾರು 3 ಕೋಟಿ ಡಾಲರ್, ಆ ಕಾಲಕ್ಕೆ ಭಾರಿ ದುಡ್ಡು. ಎರಡು ವಾರ ಮೊದಲು ಬಂದಿದ್ದ ‘ಇ.ಟಿ.’ಗೆ ಜನ ಮುಗಿಬಿದ್ದಿದ್ದರು. ‘ಬ್ಲೇಡ್ ರನ್ನರ್’ ಅನ್ನು ಬಿಡುಗಡೆಗೆ ಮುಂಚೆ ತೋರಿಸಿದಾಗ ಪ್ರೇಕ್ಷಕರು ಗೊಂದಲಗೊಂಡರು. ದುಡ್ಡು ಹಾಕಿದವರು ಹೆದರಿ, ನಾಯಕ ಡೆಕರ್ಡ್‌ನ ದನಿಯಲ್ಲಿ ವಿವರಣೆ ಸೇರಿಸಿದರು. ಕೊನೆಗೊಂದು ಸುಖಾಂತ್ಯವನ್ನೂ ಅಂಟಿಸಿದರು.

ಅದರಿಂದ ಏನಾಯಿತು ಅನ್ನುವುದಕ್ಕೆ ಒಂದೇ ದೃಶ್ಯ ಸಾಕು. ರಾಯ್ ಬ್ಯಾಟಿ ಕೃತಕ ಮನುಷ್ಯ, ಅವನ ಆಯಸ್ಸು ನಾಲ್ಕೇ ವರ್ಷ. ಅವನನ್ನು ಕೊಲ್ಲಲು ಬಂದ ಡೆಕರ್ಡ್ ಕಟ್ಟಡದ ಅಂಚಿಗೆ ಜೋತುಬಿದ್ದಿದ್ದಾನೆ. ಕೈ ಜಾರಿದ ಕ್ಷಣದಲ್ಲಿ ರಾಯ್‌ ಅವನ ಮಣಿಕಟ್ಟು ಹಿಡಿದು ಮೇಲೆಳೆದುಕೊಳ್ಳುತ್ತಾನೆ. ಆಮೇಲೆ ಸುರಿಯುವ ಮಳೆಯಲ್ಲಿ ಕೂತು, ತಾನು ಕಂಡದ್ದನ್ನೆಲ್ಲ ನಾಲ್ಕು ಮಾತಲ್ಲಿ ಹೇಳಿ ಸಾಯುತ್ತಾನೆ. ಇಲ್ಲಿ ಮನುಷ್ಯ ಯಾರು? ಇಡೀ ಸಿನಿಮಾದ ಪ್ರಶ್ನೆ ಇದೇ. 1982ರ ಪ್ರತಿಯಲ್ಲಿ ಡೆಕರ್ಡ್‌ನ ದನಿ ಅಲ್ಲೇ ಬಾಯಿ ಹಾಕಿ, ರಾಯ್ ತನ್ನನ್ನು ಯಾಕೆ ಉಳಿಸಿರಬಹುದು ಎಂದು ವಿವರಿಸುತ್ತದೆ. 1992ರ ‘ಡೈರೆಕ್ಟರ್ಸ್ ಕಟ್’ನಲ್ಲಿ, ಅಂದರೆ ನಿರ್ದೇಶಕರ ಪ್ರತಿಯಲ್ಲಿ, ಆ ಮಾತಿಲ್ಲ. ಡೆಕರ್ಡ್ ಪಾತ್ರದ ಹ್ಯಾರಿಸನ್ ಫೋರ್ಡ್ ಸುಮ್ನೆ ನೋಡುತ್ತಾ ಕೂರುತ್ತಾರೆ, ನಾವೂ ನೋಡುತ್ತೇವೆ. ಉತ್ತರ ಹುಡುಕುವ ಕೆಲಸ ನಮ್ಮ ಪಾಲಿಗೆ ಬರುತ್ತದೆ. ನನಗಂತೂ ಇದೇ ಸರಿಯಾದ ಪ್ರತಿ.

ಅದೇ ಪ್ರತಿಯಲ್ಲಿ ಡೆಕರ್ಡ್ ಕಾಣುವ ಯೂನಿಕಾರ್ನ್ (ಒಂಟಿ ಕೊಂಬಿನ ಕುದುರೆ) ಕನಸೂ ಸೇರಿತು. ಡೆಕರ್ಡ್ ಕೂಡ ಕೃತಕ ಮನುಷ್ಯನಾ ಅನ್ನುವ ಜಗಳಕ್ಕೆ ಅದರಿಂದ ಹೊಸ ಬಲ ಬಂತು. ಹೌದು ಅಂತಾರೆ ಸ್ಕಾಟ್. ಫೋರ್ಡ್ ವರ್ಷಗಟ್ಟಲೆ ಒಪ್ಪಲಿಲ್ಲ. ಸಿನಿಮಾ ಕ್ಲಾಸಿಕ್ ಆಗಿದ್ದರಲ್ಲಿ ವಿಡಿಯೊ ಕ್ಯಾಸೆಟ್‌ನ ಪಾಲೂ ಇದೆ. ಒಂದೊಂದು ಚೌಕಟ್ಟಿನಲ್ಲೂ ಇಷ್ಟು ತುಂಬಿರುವ ಚಿತ್ರವನ್ನು ನಿಲ್ಲಿಸಿ, ಹಿಂದೆ ಓಡಿಸಿ ನೋಡುವ ಅನುಕೂಲ ಥಿಯೇಟರ್‌ನಲ್ಲಿ ಎಲ್ಲಿತ್ತು?

ಹಾಗಂತ ಹಳೆಯ ದೂರುಗಳೆಲ್ಲ ಸುಳ್ಳಲ್ಲ. ನೋಟಕ್ಕೆ ಕೊಟ್ಟ ಗಮನ ಪಾತ್ರಗಳಿಗೆ ಸಿಕ್ಕಿಲ್ಲ ಅಂದವರಿದ್ದರು. ಡೆಕರ್ಡ್ ತಾನು ಮೆಚ್ಚಿದ ಕೃತಕ ಹೆಣ್ಣು ರೇಚಲ್‌ಳನ್ನು ಬಾಗಿಲಲ್ಲಿ ತಡೆದು, ಕಿಟಕಿಗೆ ತಳ್ಳಿ ಮುತ್ತಿಡುವ ದೃಶ್ಯ ನೋಡಿ. ಅದನ್ನು ಪ್ರೀತಿ ಅಂತ ಒಪ್ಪಿಕೊಳ್ಳಲು ನನಗೆ ಇವತ್ತಿಗೂ ಆಗುವುದಿಲ್ಲ. ಯಾವ ಪ್ರತಿಯಲ್ಲೂ ಅದು ಸರಿಹೋಗಿಲ್ಲ.

ನೀವಿನ್ನೂ ನೋಡಿಲ್ಲದಿದ್ದರೆ ಸ್ಕಾಟ್ ಕೊನೆಯದಾಗಿ ತಿದ್ದಿದ 2007ರ ‘ಫೈನಲ್ ಕಟ್’ನಿಂದ ಶುರುಮಾಡಿ, ಅದರಲ್ಲೂ ಆ ವಿವರಣೆಯ ದನಿ ಇಲ್ಲ. ಅದು ಹಿಡಿಸಿದರೆ 1982ರ ಪ್ರತಿಯ ಕೊನೆಯ ಅರ್ಧ ಗಂಟೆ ಹಾಕಿ ನೋಡಿ. ಅವತ್ತಿನ ವಿಮರ್ಶಕರ ಸಿಟ್ಟು ಎಲ್ಲಿಂದ ಬಂತು ಅಂತ ನಿಮಗೇ ಗೊತ್ತಾಗುತ್ತದೆ.