ಕವಳಿ ಹಣ್ಣಿನಲ್ಲಿ ಒಸರುವ ಹಾಲು ವಿಷವೇ?

ಪ್ರಶ್ನೆ: ಬೇಸಿಗೆ ರಜೆಯಲ್ಲಿ ಊರಿಗೆ ಹೋದಾಗ ಮಕ್ಕಳು ಗುಡ್ಡದಿಂದ ಕವಳಿ ಹಣ್ಣು ಕಿತ್ತು ತರುತ್ತಾರೆ. ತೊಟ್ಟು ಮುರಿದರೆ ಬಿಳಿ ಹಾಲು ಒಸರುತ್ತದೆ. ಗಿಡವೂ ವಿಷವಿರುವ ಕಣಗಿಲೆಯ ಕುಟುಂಬದ್ದೆಂದು ಓದಿದೆ. ತಿನ್ನಲು ಬಿಡಬಹುದೇ?

ಉತ್ತರ: ಚೆನ್ನಾಗಿ ಕಳಿತ ಕವಳಿ ಹಣ್ಣನ್ನು ತಿನ್ನಲು ಬಿಡಬಹುದು. ಕರಂಡೆ ಎಂದೂ ಕರೆಯುವ ಈ ನಿತ್ಯಹಸಿರು ಮುಳ್ಳುಪೊದೆ ಕಣಗಿಲೆಯ ಕುಟುಂಬಕ್ಕೆ ಸೇರಿದ್ದೆಂಬುದು ನಿಜ. ಆದರೆ ಕುಟುಂಬ ಒಂದೇ ಆದ ಮಾತ್ರಕ್ಕೆ ಗುಣವೂ ಒಂದೇ ಆಗಬೇಕಿಲ್ಲ. ನಾವು ಪಾನಕ ಮಾಡಿ ಕುಡಿಯುವ ಸೊಗದೆ ಬೇರು ಕೂಡ ಇದೇ ಕುಟುಂಬದ ಬಳ್ಳಿಯದು. ಹಾಲು ಒಸರುವುದಂತೂ ವಿಷದ ಗುರುತಲ್ಲ, ಹಲಸು, ಸಪೋಟ, ಅತ್ತಿಗಳಲ್ಲಿಯೂ ಅದಿದೆ.

ಹಸಿರು ಕಾಯಿಯನ್ನು ಸೀಳಿದರೆ ಸೊನೆ ಹನಿಗಟ್ಟಿ, ಚಾಕುವಿನ ಅಲಗಿಗೆ ಅಂಟಿ, ಬೆರಳಿಗೆ ಬೆರಳು ಕಚ್ಚಿಕೊಳ್ಳುವಂತಾಗುತ್ತದೆ. ಆದ್ದರಿಂದಲೇ ಉಪ್ಪಿನಕಾಯಿಗೆ ಹೆಚ್ಚಿದ ಹೋಳುಗಳನ್ನು ಮೊದಲು ಉಪ್ಪುನೀರಿನಲ್ಲಿ ನೆನೆಸುತ್ತಾರೆ. ಕಾಯಿ ಕೆಂಪೇರಿ, ಬಳಿಕ ಕಡುನೇರಳೆಗೆ ತಿರುಗಿ, ಮುಟ್ಟಿದರೆ ಮೆತ್ತಗಾದಾಗ ಹುಳಿಯೊಂದಿಗೆ ಸಿಹಿಯೂ ಕೂಡಿ, ಸೊನೆ ಬಹಳ ಮಟ್ಟಿಗೆ ತಗ್ಗಿರುತ್ತದೆ; ತುಟಿಗೆ ಅಂಟಿದ ಅಲ್ಪಸ್ವಲ್ಪವನ್ನು ಕೊಬ್ಬರಿ ಎಣ್ಣೆ ಸವರಿ ಒರೆಸಬಹುದು. ಬೇಕರಿಯ ಕೇಕಿನ ಮೇಲೆ ಚೆರ್ರಿಯೆಂದು ಕೂರುವ ಕೆಂಪು ಹಣ್ಣು ಎಷ್ಟೋ ಸಲ ಸಕ್ಕರೆ ಪಾಕದಲ್ಲಿ ಬಣ್ಣ ಹಾಕಿದ ಕವಳಿಯೇ ಆಗಿರುತ್ತದೆ. ಹಾಗಾಗಿ ಪೇಟೆಯ ಮಕ್ಕಳೂ ಇದನ್ನು ತಿಳಿಯದೆಯೇ ತಿಂದಿರುತ್ತಾರೆ.

ನನಗೆ ನಿಜವಾಗಿ ಅಂಜಿಕೆಯಿರುವುದು ಇನ್ನೊಂದು ಗಿಡದ ಬಗ್ಗೆ. ಬೇಲಿಗಳಲ್ಲಿ ಹಳದಿ ಹೂ ಬಿಡುವ ಹಳದಿ ಕಣಗಿಲೆಯ ಕಾಯಿಯೂ ಹಸಿರಾಗಿದ್ದು, ಮಾಗಿದಾಗ ಕಪ್ಪಾಗುತ್ತದೆ, ಮುರಿದರೆ ಹಾಲು ಸುರಿಸುತ್ತದೆ. ಹೃದಯದ ಬಡಿತವನ್ನೇ ಕೆಡಿಸಬಲ್ಲ ಕಡುವಿಷ ಅದರಲ್ಲಿದೆ. ಅದಕ್ಕೆ ಮುಳ್ಳಿಲ್ಲ, ಎಲೆ ಉದ್ದವಾಗಿ ಕಿರಿದಾಗಿರುತ್ತದೆ, ಕಾಯಿಯೊಳಗೆ ಒಂದೇ ಗಟ್ಟಿ ಓಟೆ ಇರುತ್ತದೆ. ಕವಳಿಯದಾದರೋ ಜೋಡಿಜೋಡಿಯಾದ ಗುಂಡನೆಯ ಎಲೆ, ಮಲ್ಲಿಗೆಯನ್ನು ಹೋಲುವ ಬಿಳಿ ಹೂ, ಕೆಲವೊಮ್ಮೆ ಕವಲೊಡೆಯುವ ಸೂಜಿಮೊನೆಯ ಮುಳ್ಳು, ಹಣ್ಣಿನೊಳಗೆ ಹಲವು ಚಪ್ಪಟೆ ಬೀಜ. ಕವಳಿಯಲ್ಲೂ ಹಣ್ಣನ್ನು ಬಿಟ್ಟು ಎಲೆ, ಬೇರು, ತೊಗಟೆಗಳನ್ನು ಬಾಯಿಗೆ ಹಾಕಬಾರದೆಂದು ಮಕ್ಕಳಿಗೆ ತಿಳಿಸಿ. ತಪ್ಪಿ ಹಳದಿ ಕಣಗಿಲೆಯ ಕಾಯಿ ತಿಂದಿದ್ದಾರೆಂಬ ಅನುಮಾನವಿದ್ದರೂ ಸಾಕು, ವಾಂತಿ ಬರಲೆಂದು ಕಾಯದೆ, ಉಳಿದ ಕಾಯಿಯ ತುಂಡನ್ನು ಜೊತೆಗೆ ಹಿಡಿದು ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.