ಪಡೆ ಕಳುಹಿಸುವವರು, ಶಸ್ತ್ರ ಮಾರುವವರು

1999ರ ಮಾರ್ಚ್ 13ರಂದು ಉಕ್ರೇನ್‌ನಿಂದ ಬಂದ ದೈತ್ಯ ಸರಕು ವಿಮಾನವೊಂದು ಬುರ್ಕಿನಾ ಫಾಸೊ ದೇಶದ ರಾಜಧಾನಿ ಊಗಡೂಗುವಿನಲ್ಲಿ 68 ಟನ್ ಶಸ್ತ್ರಾಸ್ತ್ರಗಳನ್ನು ಇಳಿಸಿತು. ಕಾಗದಪತ್ರಗಳಲ್ಲಿ ಮೇಲ್ನೋಟಕ್ಕೆ ಯಾವ ಕೊರತೆಯೂ ಇರಲಿಲ್ಲ. ಸರಕು ತಮ್ಮ ದೇಶದ ಬಳಕೆಗೇ ಹೊರತು ಬೇರೆಲ್ಲಿಗೂ ಹೋಗುವುದಿಲ್ಲವೆಂದು ದೃಢೀಕರಿಸುವ ಅಂತಿಮ ಬಳಕೆದಾರ ಪ್ರಮಾಣಪತ್ರಕ್ಕೆ ಅಲ್ಲಿನ ಅಧ್ಯಕ್ಷರ ರಕ್ಷಣಾ ದಳದ ಮುಖ್ಯಸ್ಥರೇ ಸಹಿ ಹಾಕಿದ್ದರು. ಕೆಲವೇ ದಿನಗಳಲ್ಲಿ ಆ ಸರಕಿನ ಬಹುಭಾಗ ಇನ್ನೊಂದು ವಿಮಾನದಲ್ಲಿ ಕಂತುಕಂತಾಗಿ ಲೈಬೀರಿಯಾ ಸೇರಿತು. ಲೈಬೀರಿಯಾ 1992ರಿಂದಲೇ ಭದ್ರತಾ ಮಂಡಳಿಯ ಶಸ್ತ್ರಾಸ್ತ್ರ ನಿರ್ಬಂಧಕ್ಕೆ ಒಳಪಟ್ಟಿದ್ದ ದೇಶ. ಅಲ್ಲಿಂದ ಗಡಿಯಾಚೆಯ ಸಿಯೆರಾ ಲಿಯೋನ್‌ನ ಆರ್‌ಯುಎಫ್ ಬಂಡುಕೋರರಿಗೆ ಶಸ್ತ್ರ ಹೋಗುತ್ತಿತ್ತು, ಅವರಿಂದ ವಜ್ರ ಬರುತ್ತಿತ್ತು. ವಿಶ್ವಸಂಸ್ಥೆ ನೇಮಿಸಿದ ತಜ್ಞರ ತಂಡ ಈ ಸಾಗಣೆಯ ವಿವರಗಳನ್ನು ವರದಿಯಾಗಿ ಮುಂದಿಟ್ಟದ್ದು 2000ದ ಡಿಸೆಂಬರ್‌ನಲ್ಲಿ. ಅಷ್ಟರಲ್ಲಿ ಅದೇ ಬಂಡುಕೋರರ ಬಂದೂಕುಗಳ ಮುಂದೆ ಭಾರತದ ಸೈನಿಕರು ನಿಂತು ಹೊರಬಂದಿದ್ದರು.

ಶಾಂತಿಪಾಲನಾ ಕರ್ತವ್ಯಕ್ಕೆ ಹೊರಡುವ ಅಧಿಕಾರಿಗಳಿಗೆ ಪಾಠ ಹೇಳುವಾಗ ನಾನು ಸಾಮಾನ್ಯವಾಗಿ ಸಿಯೆರಾ ಲಿಯೋನ್‌ನ ಪಡೆಯನ್ನು ಸ್ಥಾಪಿಸಿದ ಭದ್ರತಾ ಮಂಡಳಿಯ 1270ನೇ ನಿರ್ಣಯದಿಂದ ಆರಂಭಿಸುತ್ತೇನೆ. 1999ರ ಜುಲೈನಲ್ಲಿ ಟೋಗೊ ದೇಶದ ರಾಜಧಾನಿ ಲೋಮೆಯಲ್ಲಿ ಸರ್ಕಾರ ಮತ್ತು ಬಂಡುಕೋರರ ನಡುವೆ ಶಾಂತಿ ಒಪ್ಪಂದವಾಯಿತು, ಅಕ್ಟೋಬರ್‌ನಲ್ಲಿ ಈ ನಿರ್ಣಯ ಬಂತು; ಮಂಜೂರಾದ ಸೈನಿಕರ ಸಂಖ್ಯೆ 6,000. ಜೀವಾಪಾಯದ ಅಂಚಿನಲ್ಲಿರುವ ನಾಗರಿಕರನ್ನು ರಕ್ಷಿಸಬೇಕೆಂಬ ಹೊಣೆಯನ್ನು ವಿಶ್ವಸಂಸ್ಥೆಯ ಸನ್ನದಿನಲ್ಲಿ ಬಲಪ್ರಯೋಗಕ್ಕೂ ಅವಕಾಶ ಕೊಡುವ ಏಳನೇ ಅಧ್ಯಾಯದ ಅಡಿಯಲ್ಲಿ ಶಾಂತಿಪಾಲನಾ ಪಡೆಯೊಂದಕ್ಕೆ ಸ್ಪಷ್ಟ ಮಾತಿನಲ್ಲಿ ಒಪ್ಪಿಸಿದ್ದು ಇಲ್ಲಿಯೇ ಮೊದಲು. ಆದರೆ ಅದೇ ವಾಕ್ಯದಲ್ಲಿ ‘ಪಡೆಯ ಸಾಮರ್ಥ್ಯದ ಮಿತಿಯಲ್ಲಿ, ಪಡೆ ನೆಲೆಗೊಂಡ ಪ್ರದೇಶಗಳಲ್ಲಿ’ ಎಂಬ ಷರತ್ತುಗಳೂ ಇವೆ. ನ್ಯೂಯಾರ್ಕ್‌ನಲ್ಲಿ ಈ ಷರತ್ತುಗಳು ಸದಸ್ಯ ರಾಷ್ಟ್ರಗಳ ನಡುವಿನ ರಾಜಿಗೆ ಅನುಕೂಲವಾಗುತ್ತವೆ. ಊರಾಚೆಯ ಕಾಡುರಸ್ತೆಯಲ್ಲಿ ನಿಂತ ಕಂಪನಿ ಕಮಾಂಡರ್‌ಗಾದರೋ, ತನ್ನ ಸಾಮರ್ಥ್ಯವೆಷ್ಟು ಎಂಬುದನ್ನು ಎದುರಾಳಿಯ ಕೈಯಲ್ಲಿ ಏನಿದೆ ಎಂದು ನೋಡಿಯೇ ತೀರ್ಮಾನಿಸಬೇಕಾಗುತ್ತದೆ, ಮತ್ತು ಎದುರಾಳಿಯ ಕೈಯಲ್ಲಿ ಏನಿದೆ ಎಂಬುದು ಊಗಡೂಗುವಿನಂಥ ವಿಮಾನನಿಲ್ದಾಣಗಳಲ್ಲಿ ನಿರ್ಧಾರವಾಗಿರುತ್ತದೆ.

2000ದ ಮೇ ತಿಂಗಳ ಆರಂಭದಲ್ಲಿ ಆರ್‌ಯುಎಫ್ ಸುಮಾರು 500 ಶಾಂತಿಪಾಲಕರನ್ನು ಒತ್ತೆಯಾಳುಗಳನ್ನಾಗಿ ಹಿಡಿಯಿತು. ಅವರಲ್ಲಿ ಹೆಚ್ಚಿನವರು ಜಾಂಬಿಯಾದವರು. ಲೈಬೀರಿಯಾ ಗಡಿಗೆ ಹತ್ತಿರದ ಕೈಲಾಹುನ್‌ನಲ್ಲಿ ಭಾರತದ ಎರಡು ಕಂಪನಿಗಳು, ಅಂದರೆ ಇನ್ನೂರಕ್ಕೂ ಹೆಚ್ಚು ಸೈನಿಕರು, ಹಲವು ಸೇನಾ ವೀಕ್ಷಕರ ಜೊತೆಗೆ ಮುತ್ತಿಗೆಯಲ್ಲಿ ಸಿಲುಕಿದರು. ಶಸ್ತ್ರ ಕೆಳಗಿಡಲು ಒಪ್ಪದೆ ಅವರು ಸುಮಾರು ಎರಡೂವರೆ ತಿಂಗಳು ಅಲ್ಲೇ ಉಳಿದರು. ಜುಲೈ 15ರಂದು ಆರಂಭವಾದ ಖುಕ್ರಿ ಕಾರ್ಯಾಚರಣೆಯಲ್ಲಿ ಭಾರತೀಯ ಪಡೆ ದಾರಿ ಬಿಡಿಸಿಕೊಂಡು ಅವರನ್ನು ದಾರು ನೆಲೆಗೆ ತಲುಪಿಸಿತು. ಘಾನಾ ಮತ್ತು ನೈಜೀರಿಯಾದ ತುಕಡಿಗಳು ನೆರವಾದವು, ಬ್ರಿಟನ್ನಿನ ಚಿನೂಕ್ ಹೆಲಿಕಾಪ್ಟರ್‌ಗಳೂ ಬಂದವು. ಈ ಸಾಹಸದ ಕಥೆ ನಮ್ಮಲ್ಲಿ ಸಾಕಷ್ಟು ಪ್ರಚಾರ ಪಡೆದಿದೆ. ಮುತ್ತಿಗೆ ಹಾಕಿದವರಿಗೆ ಮದ್ದುಗುಂಡು ಎಲ್ಲಿಂದ ಬರುತ್ತಿತ್ತು ಎಂದು ಕೇಳಿದವರು ಕಡಿಮೆ.

ನಮ್ಮ ಶಾಂತಿಪಾಲನಾ ಪರಂಪರೆ ರೂಪುಗೊಂಡದ್ದು ಬೇರೆ ಬಗೆಯ ಸನ್ನಿವೇಶದಲ್ಲಿ. ಕೊಡಗಿನ ಜನರಲ್ ಕೆ.ಎಸ್. ತಿಮ್ಮಯ್ಯನವರು 1953ರಲ್ಲಿ ಕೊರಿಯಾದ ಯುದ್ಧಕೈದಿಗಳ ಕುರಿತಾದ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷರಾಗಿದ್ದರು. 1964ರಿಂದ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಪಡೆಯನ್ನು ಮುನ್ನಡೆಸಿದರು, ಮರುವರ್ಷದ ಡಿಸೆಂಬರ್‌ನಲ್ಲಿ ಅಲ್ಲಿಯೇ ತೀರಿಕೊಂಡರು. ಗುರುತಿಸಬಹುದಾದ ಎರಡು ಪಕ್ಷಗಳು, ಅವುಗಳ ನಡುವೆ ಯಾರ ಕಡೆಗೂ ವಾಲದ ಒಬ್ಬ ಸೇನಾನಿ: ಅಂದಿನ ಕೆಲಸ ಸುಲಭವಿತ್ತೆಂದಲ್ಲ, ಆದರೆ ನಿಷ್ಪಕ್ಷಪಾತವೇ ಅಲ್ಲಿ ದೊಡ್ಡ ಬಂಡವಾಳವಾಗಿತ್ತು. ವಜ್ರದ ಗಣಿಯಿಂದಲೇ ಹಣ ಹುಟ್ಟಿಸಿಕೊಂಡು, ಬೇಕೆಂದಾಗ ಶಸ್ತ್ರ ತರಿಸಿಕೊಳ್ಳುವ ಬಂಡುಕೋರರ ಮುಂದೆ ಆ ಬಂಡವಾಳ ಹೆಚ್ಚು ದೂರ ಸಾಗುವುದಿಲ್ಲ.

ಯಾರು ಎಲ್ಲಿ ಕುಳಿತಿದ್ದರು ಎಂಬುದನ್ನೂ ಗಮನಿಸಬೇಕು. ಭದ್ರತಾ ಮಂಡಳಿಯ ಕಾಯಂ ಸದಸ್ಯ ಬ್ರಿಟನ್ ಅದೇ ಮೇ ತಿಂಗಳಲ್ಲಿ ರಾಜಧಾನಿ ಫ್ರೀಟೌನ್‌ಗೆ ತನ್ನ ಪಡೆಯನ್ನು ಇಳಿಸಿತು, ಅದರಿಂದ ಬಹಳ ಉಪಕಾರವೂ ಆಯಿತು. ಆದರೆ ಆ ಪಡೆಯನ್ನು ವಿಶ್ವಸಂಸ್ಥೆಯ ದಂಡನಾಯಕರ ಅಧೀನಕ್ಕೆ ಕೊಡಲಿಲ್ಲ. ಪಶ್ಚಿಮ ಆಫ್ರಿಕಾದ ಪ್ರಾದೇಶಿಕ ಪಡೆಯ ಮೂಲಕ ವರ್ಷಗಟ್ಟಲೆ ಹೊಣೆ ಹೊತ್ತಿದ್ದ ನೈಜೀರಿಯಾಕ್ಕೆ ಭಾರತೀಯ ದಂಡನಾಯಕರ ಕೈಕೆಳಗೆ ಇರುವುದು ಸಹಜವಾಗಿಯೇ ಹಿಡಿಸಲಿಲ್ಲ. ದಂಡನಾಯಕ ಮೇಜರ್ ಜನರಲ್ ವಿಜಯ್ ಜೇಟ್ಲಿ ಅವರು ಬರೆದ ಆಂತರಿಕ ಟಿಪ್ಪಣಿಯೊಂದು ಸೆಪ್ಟೆಂಬರ್‌ನಲ್ಲಿ ಪತ್ರಿಕೆಗಳಿಗೆ ಸೋರಿತು. ಅದರಲ್ಲಿ ನೈಜೀರಿಯಾದ ಕೆಲವು ಹಿರಿಯರ ಮೇಲೆ ವಜ್ರ ವ್ಯವಹಾರದ ಆರೋಪವಿತ್ತು. ನೈಜೀರಿಯಾ ಅದನ್ನು ತಳ್ಳಿಹಾಕಿತು. ಅದೇ ತಿಂಗಳು ಭಾರತ ತನ್ನ ಸುಮಾರು 3,000 ಸೈನಿಕರನ್ನು ಹಿಂದಕ್ಕೆ ಕರೆಸಿಕೊಳ್ಳುವುದಾಗಿ ಘೋಷಿಸಿತು. ಉದಯೋನ್ಮುಖ ಶಕ್ತಿಗಳು ಒಗ್ಗಟ್ಟಾಗಿ ನಿಲ್ಲುತ್ತವೆಂದು ಭಾಷಣಗಳಲ್ಲಿ ಕೇಳುತ್ತೇವೆ. ನೆಲದ ಮೇಲೆ ಎರಡು ದೊಡ್ಡ ಕೊಡುಗೆದಾರ ರಾಷ್ಟ್ರಗಳು ಒಂದೇ ಮುಖ್ಯ ಕಚೇರಿಯಲ್ಲಿ ಹೊಂದಿಕೊಳ್ಳಲಾಗದ ನಿದರ್ಶನವಿದು.

ಆ ನಿರ್ಗಮನ ವ್ಯರ್ಥವಾಗಲಿಲ್ಲ ಎಂಬುದು ನನ್ನ ಅಭಿಪ್ರಾಯ. ಪಡೆ ಕೊಡುವ ರಾಷ್ಟ್ರವನ್ನು ನಿರ್ಧಾರದಲ್ಲಿ ಪಾಲ್ಗೊಳ್ಳಲು ಕರೆಯಬೇಕೆನ್ನುವ ಸನ್ನದಿನ 44ನೇ ವಿಧಿಯನ್ನು ಭಾರತ ಪದೇಪದೇ ಉಲ್ಲೇಖಿಸುತ್ತಲೇ ಬಂದಿದೆ. 2001ರ ಜೂನ್‌ನಲ್ಲಿ ಬಂದ 1353ನೇ ನಿರ್ಣಯ ಪಡೆ ಕೊಡುವ ರಾಷ್ಟ್ರಗಳೊಂದಿಗಿನ ಸಮಾಲೋಚನೆಗೆ ಒಂದು ಕ್ರಮವನ್ನು ರೂಪಿಸಿತು. ಸಮಾಲೋಚನೆಯೆಂದರೆ ಮತವಲ್ಲ, ನಿಜ. ಆದರೂ ಎರಡೂವರೆ ಲಕ್ಷಕ್ಕೂ ಹೆಚ್ಚು ಸೈನಿಕರನ್ನು ಈವರೆಗೆ ಕಳುಹಿಸಿರುವ ದೇಶಕ್ಕೆ ದಕ್ಕಿದ್ದು ಇಷ್ಟೇ ಎಂದು ಗೊಣಗುವುದರಲ್ಲಿಯೇ ನಮ್ಮ ರಾಜತಾಂತ್ರಿಕತೆ ನಿಂತುಬಿಟ್ಟಿದೆ.

ಸಿಯೆರಾ ಲಿಯೋನ್‌ನಲ್ಲಿ ಪಡೆಯ ಮಿತಿಯನ್ನು ಮುಂದೆ 17,500ಕ್ಕೆ ಏರಿಸಿದರು, ಅದಕ್ಕೂ ಫಲ ಸಿಕ್ಕಿತು. ಆದರೆ ಒಡೆದ ಕೆರೆ ಏರಿಯನ್ನು ಹಾಗೆಯೇ ಬಿಟ್ಟು ಕೆಳಗಿನ ಗದ್ದೆಯ ನೀರನ್ನು ಎತ್ತಿ ಹಾಕುವ ಕೆಲಸ ನಿಂತದ್ದು ಬೇರೆ ಎರಡು ನಿರ್ಣಯಗಳಿಂದ. ಖುಕ್ರಿಗೆ ಹತ್ತು ದಿನ ಮೊದಲು ಬಂದ 1306ನೇ ನಿರ್ಣಯ ಸರ್ಕಾರಿ ಪ್ರಮಾಣಪತ್ರವಿಲ್ಲದ ಸಿಯೆರಾ ಲಿಯೋನ್ ವಜ್ರಗಳ ಆಮದನ್ನು ನಿಷೇಧಿಸಿತು. 2001ರ ಮಾರ್ಚ್‌ನ 1343ನೇ ನಿರ್ಣಯ ಲೈಬೀರಿಯಾದ ವಜ್ರ, ಶಸ್ತ್ರ ಮತ್ತು ಅಲ್ಲಿನ ಅಧಿಕಾರಸ್ಥರ ಪ್ರಯಾಣಗಳ ಮೇಲೆ ನಿರ್ಬಂಧ ಹೇರಿತು. 2002ರ ಜನವರಿಯಲ್ಲಿ ಯುದ್ಧ ಮುಗಿಯಿತೆಂದು ಘೋಷಣೆಯಾಯಿತು. ಲೈಬೀರಿಯಾದ ಅಂದಿನ ಅಧ್ಯಕ್ಷ ಚಾರ್ಲ್ಸ್ ಟೇಲರ್‌ಗೆ 2012ರಲ್ಲಿ ಸಿಯೆರಾ ಲಿಯೋನ್‌ಗಾಗಿ ರಚಿಸಿದ್ದ ವಿಶೇಷ ನ್ಯಾಯಾಲಯ 50 ವರ್ಷಗಳ ಸೆರೆವಾಸ ವಿಧಿಸಿತು.

ಈ ಇತಿಹಾಸವಿರುವ ಭಾರತ, ದೇಶದೇಶಗಳ ನಡುವಿನ ಶಸ್ತ್ರ ಮಾರಾಟಕ್ಕೆ ನಿಯಮ ಹಾಕುವ ಅಂತರರಾಷ್ಟ್ರೀಯ ಶಸ್ತ್ರಾಸ್ತ್ರ ವ್ಯಾಪಾರ ಒಪ್ಪಂದದ ವಿಷಯದಲ್ಲಿ ಎಲ್ಲಿದೆ? 2013ರ ಏಪ್ರಿಲ್ 2ರಂದು ಸಾಮಾನ್ಯ ಸಭೆಯಲ್ಲಿ ಅದು ಅಂಗೀಕಾರವಾದಾಗ ನಾವು ಮತದಾನದಿಂದ ದೂರ ಉಳಿದೆವು. ಒಪ್ಪಂದ ರಫ್ತು ಮಾಡುವವರ ಕಡೆಗೆ ವಾಲಿದೆ, ಭಯೋತ್ಪಾದಕರ ಹಾಗೂ ಸರ್ಕಾರೇತರ ಗುಂಪುಗಳ ಕೈಗೆ ಶಸ್ತ್ರ ಸೇರುವುದನ್ನು ತಡೆಯುವಲ್ಲಿ ದುರ್ಬಲವಾಗಿದೆ ಎಂಬ ಎರಡೂ ಆಕ್ಷೇಪಗಳು ಆಗ ಸಕಾರಣವಾಗಿದ್ದವು. ಕೊಳ್ಳುವವರಾಗಿ ನಾವು ಒಪ್ಪಿದ ಗುತ್ತಿಗೆಯನ್ನು ಮಾರುವವರು ಏಕಪಕ್ಷೀಯವಾಗಿ ರದ್ದು ಮಾಡಿಯಾರು ಎಂಬ ಭಯವೂ ಸುಳ್ಳಲ್ಲ. ಈ ನಡುವೆ ಬ್ರೆಜಿಲ್, ದಕ್ಷಿಣ ಆಫ್ರಿಕಾ, 2020ರಲ್ಲಿ ಚೀನಾ ಕೂಡ ಒಳಗೆ ಸೇರಿವೆ. ಬ್ರಿಕ್ಸ್‌ನ ಮೊದಲ ಐವರಲ್ಲಿ ಹೊರಗುಳಿದವರು ನಾವು ಮತ್ತು ರಷ್ಯಾ. ಚೀನಾ ಸೇರಿದ್ದರಿಂದ ಅದರ ರಫ್ತು ಶುದ್ಧವಾಗಿಬಿಟ್ಟಿತೆಂದು ನಾನು ಹೇಳಲಾರೆ. ಆದರೆ ನಮ್ಮ ಸ್ಥಾನವೇ ಬದಲಾಗಿದೆ. 2024-25ರಲ್ಲಿ ಭಾರತದ ರಕ್ಷಣಾ ರಫ್ತು 23,622 ಕೋಟಿ ರೂಪಾಯಿ. ಫಿಲಿಪ್ಪೀನ್ಸ್‌ಗೆ ಬ್ರಹ್ಮೋಸ್ ಹೋಗಿದೆ, ಬೆಂಗಳೂರಿನ ಎಚ್‌ಎಎಲ್ ಮತ್ತು ಬಿಇಎಲ್ ಹೊರದೇಶದ ಗ್ರಾಹಕರನ್ನು ಹುಡುಕುತ್ತಿವೆ. ಕೊಳ್ಳುವವರ ಅಂಜಿಕೆಯಿಂದ ಕಟ್ಟಿದ ವಾದವನ್ನು ಮಾರುವವರಾದ ಮೇಲೂ ಮುಂದುವರಿಸುವುದು ಕಷ್ಟ.

ನಿಯಮಗಳೇ ಇಲ್ಲವೆಂದಲ್ಲ. ರಫ್ತು ನಿಯಂತ್ರಣಕ್ಕೆ ಒಳಪಟ್ಟ ಸೂಕ್ಷ್ಮ ಸರಕುಗಳ ನಮ್ಮ ‘ಸ್ಕಾಮೆಟ್’ ಪಟ್ಟಿಯಡಿ ಪರವಾನಗಿ ಬೇಕು, ಶಸ್ತ್ರ ರಫ್ತಿನ ಮೇಲೆ ನಿಗಾ ಇಡುವ ರಾಷ್ಟ್ರಗಳ ಕೂಟವಾದ ವಾಸೆನಾರ್ ವ್ಯವಸ್ಥೆಗೂ 2017ರಲ್ಲಿ ಸೇರಿದ್ದೇವೆ, ಅಂತಿಮ ಬಳಕೆದಾರ ಪ್ರಮಾಣಪತ್ರವನ್ನು ನಾವೂ ಕೇಳುತ್ತೇವೆ. ಊಗಡೂಗುವಿನ ಸರಕಿನ ಜೊತೆಗೂ ಅಂಥ ಪತ್ರವೊಂದಿತ್ತು. ಸಹಿ ಮಾಡಿದವರು ನಿಜವಾದ ಅಧಿಕಾರಿಯೇ. ಸುಳ್ಳಾಗಿದ್ದದ್ದು ಒಳಗಿನ ಭರವಸೆ, ಅದನ್ನು ಕಚೇರಿಯಲ್ಲಿ ಕುಳಿತು ಮೊಹರು ನೋಡಿ ಕಂಡುಹಿಡಿಯಲಾಗದು. ಸರಕು ತಲುಪಿ ಆರು ತಿಂಗಳಾದ ಮೇಲೆ ಆ ದೇಶದ ಶಸ್ತ್ರಾಗಾರಕ್ಕೆ ಹೋಗಿ ಕ್ರಮಸಂಖ್ಯೆಗಳನ್ನು ತಾಳೆ ನೋಡುವ ಹಕ್ಕನ್ನು ಮಾರಾಟದ ಗುತ್ತಿಗೆಯಲ್ಲಿಯೇ ಬರೆಸಿಕೊಳ್ಳಬೇಕು. ಅದಕ್ಕೆ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಸಹಿ ಹಾಕಿಯೇ ತೀರಬೇಕೆಂದೇನೂ ಇಲ್ಲ. 2024ರಲ್ಲಿ ಇಥಿಯೋಪಿಯಾ, ಮೊಜಾಂಬಿಕ್, ಐವರಿ ಕೋಸ್ಟ್ ಮೊದಲಾದೆಡೆ ನಮ್ಮ ರಕ್ಷಣಾ ಅಟಾಷೆಗಳನ್ನು, ಅಂದರೆ ರಾಯಭಾರ ಕಚೇರಿಯ ಸೇನಾಧಿಕಾರಿಗಳನ್ನು, ಹೊಸದಾಗಿ ನೇಮಿಸುವ ನಿರ್ಧಾರ ಸುದ್ದಿಯಾಯಿತು, ರಫ್ತಿಗೆ ಮಾರುಕಟ್ಟೆ ಹುಡುಕುವುದೂ ಅವರ ಕೆಲಸಗಳಲ್ಲೊಂದು ಎನ್ನಲಾಯಿತು. ಮಾರಿದ ಸರಕು ಮಾರಿದಲ್ಲಿಯೇ ಇದೆಯೇ ಎಂದು ನೋಡಿ ದೆಹಲಿಗೆ ವರದಿ ಕಳುಹಿಸುವ ಹೊಣೆಯನ್ನೂ ಅದೇ ಅಧಿಕಾರಿಗೆ ವಹಿಸಬಹುದು.